ನೆರಳಿನಲ್ಲಿ ಬೆಳೆದ ಸಿರಿ: ನಮ್ಮ ಮಲೆನಾಡಿನ ಏಲಕ್ಕಿಯ ಕಥೆ



ಹೊಲದ ಬೆಳೆಗೆ ನೆರಳು ಹಗೆ ಎಂದು ನಾವೆಲ್ಲ ಬಲ್ಲೆವು. ರಾಗಿ ಹೊಲದ ಬದುವಿನ ಮೇಲೆ ದೊಡ್ಡ ಮರವೊಂದಿದ್ದರೆ ಅದರ ಬುಡದಲ್ಲಿ ತೆನೆ ಸೊರಗಿರುತ್ತದೆ. "ಈ ಮರ ನನ್ನ ಎರಡು ಸೇರು ರಾಗಿ ನುಂಗಿತು" ಅಂತ ಒಕ್ಕಲಿಗ ಗೊಣಗುತ್ತಾನೆ. ಅವನ ಮಾತಿನಲ್ಲಿ ಸುಳ್ಳೇನೂ ಇಲ್ಲ. ಆದರೆ ಇದಕ್ಕೆ ತದ್ವಿರುದ್ಧವಾದ ಬೆಳೆಯೂ ಉಂಟು. ಬಿಸಿಲು ನೇರವಾಗಿ ಬಿದ್ದರೆ ಅದರ ಎಲೆ ಸುಡುತ್ತದೆ. ಮರದ ಕೆಳಗೆ, ತಂಪಿನಲ್ಲಿ, ತರಗೆಲೆಯ ಹಾಸಿಗೆಯ ಮೇಲೆ ಅದು ಹಿಗ್ಗಿ ಬೆಳೆಯುತ್ತದೆ. ಯುಗಾದಿಯ ಹೋಳಿಗೆಗೆ, ಮದುವೆಯ ಪಾಯಸಕ್ಕೆ, ಮಗುವಿನ ಹೊಟ್ಟೆನೋವಿನ ಕಷಾಯಕ್ಕೆ ನಮ್ಮ ತಾಯಂದಿರು ಡಬ್ಬಿಯಿಂದ ಎರಡು ಕಾಯಿ ತೆಗೆದು ಕುಟ್ಟುತ್ತಾರಲ್ಲ, ಆ ಏಲಕ್ಕಿಯೇ ಅದು.

ಈ ಹೊತ್ತು ಏಲಕ್ಕಿಯ ಹಳೆಯ ಕಥೆಯನ್ನು ನಿಮ್ಮ ಮುಂದೆ ಹೇಳಬೇಕೆಂದಿದ್ದೇನೆ. "ನಮಗೆ ಗೊಬ್ಬರ, ಬೀಜ, ಬೆಲೆ ಇವುಗಳ ಮಾತು ಬೇಕು, ಹಳೆಯ ಕಥೆ ಕಟ್ಟಿಕೊಂಡು ಏನಾಗಬೇಕು?" ಎಂದು ನಿಮ್ಮಲ್ಲಿ ಯಾರಾದರೂ ಕೇಳಬಹುದು. ಕೇಳುವುದು ನ್ಯಾಯವೇ. ಆದರೆ ನಮ್ಮ ಹಿರಿಯರ ಕೈಯಲ್ಲಿದ್ದ ಈ ಸಿರಿ ಎಷ್ಟೋ ತೋಟಗಳಿಂದ ಕೈಜಾರಿ ಹೋಯಿತು. ಯಾಕೆ ಹೋಯಿತು ಎಂಬುದು ತಿಳಿಯದೆ ಮತ್ತೆ ನೆಟ್ಟರೆ ಮತ್ತೆ ಹೋಗುತ್ತದೆ. ಅದಕ್ಕಾಗಿ ಈ ಕಥೆ.

ಮೊದಲು ಈ ಗಿಡದ ಹುಟ್ಟೂರು ಯಾವುದು ನೋಡೋಣ. ಕಾಫಿ ಹೊರದೇಶದಿಂದ ಬಂದದ್ದು, ಮೆಣಸಿನಕಾಯಿಯೂ ಹೊರದೇಶದಿಂದ ಬಂದದ್ದು. ಏಲಕ್ಕಿ ಹಾಗಲ್ಲ. ಅದು ನಮ್ಮ ಪಶ್ಚಿಮ ಘಟ್ಟದ ನಿತ್ಯಹಸುರಿನ ಕಾಡಿನಲ್ಲೇ ಹುಟ್ಟಿದ ಗಿಡ. ಶುಂಠಿ, ಅರಿಸಿನಗಳ ಬಳಗಕ್ಕೆ ಸೇರಿದ್ದು. ನೆಲದೊಳಗೆ ಗೆಡ್ಡೆ, ಆ ಗೆಡ್ಡೆಯಿಂದ ಆಳೆತ್ತರಕ್ಕೂ ಮೀರಿ ಏಳುವ, ಎಲೆಯ ಒರೆಗಳೇ ಒಂದರೊಳಗೊಂದು ಸುತ್ತಿಕೊಂಡಿರುವ ದಂಟುಗಳು. ಹೊಸಬರು ಗಿಡದ ತುದಿಯನ್ನು ನೋಡಿ "ಹೂವೆಲ್ಲಿ, ಕಾಯೆಲ್ಲಿ?" ಎಂದು ಹುಡುಕುತ್ತಾರೆ. ಹೂವು ತುದಿಯಲ್ಲಿಲ್ಲ, ಬುಡದಲ್ಲಿದೆ! ಗಿಡದ ಕಾಲಬಳಿಯಿಂದ ಹೂಗೊನೆ ಹೊರಟು ನೆಲದ ಮೇಲೆ ಹರಿದಾಡುತ್ತದೆ. ಬಿಳಿಯ ಹೂವು, ಅದರ ತುಟಿಯ ಮೇಲೆ ನೇರಳೆ ಬಣ್ಣದ ಗೆರೆಗಳು. ಬೆಳಗಿನ ಜಾವ ಅರಳಿ ಒಂದೇ ದಿನ ಬಾಳುತ್ತದೆ. ಆ ಒಂದು ದಿನದೊಳಗೆ ಜೇನ್ನೊಣ ಬಂದು ಮುಟ್ಟಿದರೆ ಕಾಯಿ. ಬಾರದಿದ್ದರೆ ಹೂವು ಉದುರಿ ಮಣ್ಣು.

ಹೆಸರಿನ ಮಾತು ಒಂದಿಷ್ಟು. ಸಂಸ್ಕೃತದಲ್ಲಿ ಏಲಾ, ತಮಿಳು ಮಲಯಾಳಗಳಲ್ಲಿ ಏಲಂ, ನಮ್ಮಲ್ಲಿ ಏಲಕ್ಕಿ, ಆಡುಮಾತಿನಲ್ಲಿ ಯಾಲಕ್ಕಿ. ಹದಿನೇಳನೆಯ ಶತಮಾನದ ಕೊನೆಯಲ್ಲಿ ಕೊಚ್ಚಿಯಲ್ಲಿದ್ದ ಡಚ್ಚರ ಅಧಿಕಾರಿ ವಾನ್ ರೀಡ್ ಎಂಬಾತ ಮಲಬಾರಿನ ಗಿಡಮರಗಳ ಮೇಲೆ ಹನ್ನೆರಡು ಸಂಪುಟಗಳ ದೊಡ್ಡ ಗ್ರಂಥವನ್ನು ಮಾಡಿಸಿದ. ಅದರಲ್ಲಿ ಈ ಗಿಡವನ್ನು ಅಲ್ಲಿಯ ಜನರು ಕರೆಯುತ್ತಿದ್ದಂತೆ 'ಏಲೆತ್ತರಿ' ಎಂದು ಬರೆಸಿದ. ಆ ಹೆಸರಿನೊಳಗೂ ನಮ್ಮ 'ಅಕ್ಕಿ'ಯ ಹಾಗೆ ಕಾಳು ಎಂಬ ಅರ್ಥವೇ ಅಡಗಿದೆ. 1811ರಲ್ಲಿ ಇಂಗ್ಲೆಂಡಿನ ಮೇಟನ್ ಎಂಬ ವಿದ್ವಾಂಸ ಇದೇ ಮಾತನ್ನು ತೆಗೆದುಕೊಂಡು ಗಿಡದ ಕುಲಕ್ಕೆ 'ಎಲೆಟೇರಿಯ' ಎಂದು ಹೆಸರಿಟ್ಟ. ಇಂದಿಗೂ ಜಗತ್ತಿನ ಸಸ್ಯಶಾಸ್ತ್ರಜ್ಞರು ಅದೇ ಹೆಸರನ್ನು ಹೇಳುತ್ತಾರೆ. ಘಟ್ಟದ ಕೆಳಗಿನ ಜನರ ಬಾಯಿಯ ಮಾತು ಪಂಡಿತರ ಪುಸ್ತಕಕ್ಕೆ ಏರಿತು ಎಂದರೆ ನಾವು ಹೆಮ್ಮೆಪಡಬೇಕಾದದ್ದೇ.

ಈಗ ನಮ್ಮ ಹಿರಿಯರು ಇದನ್ನು ಹೇಗೆ ಬೆಳೆಸಿದರು ಎಂಬ ವಿಷಯಕ್ಕೆ ಬರೋಣ. ನಮ್ಮ ನಾಡಿನಲ್ಲಿ ಮುಖ್ಯವಾಗಿ ಎರಡು ಪದ್ಧತಿಗಳಿದ್ದವು. ಒಂದು ಕೊಡಗಿನ ಮಲೆಯ ಪದ್ಧತಿ, ಇನ್ನೊಂದು ಉತ್ತರ ಕನ್ನಡದ ಅಡಿಕೆ ತೋಟದ ಪದ್ಧತಿ.

ಕೊಡಗಿನ ಪದ್ಧತಿಯನ್ನು ಕೇಳಿದರೆ ನಿಮಗೆ ಆಶ್ಚರ್ಯವಾಗಬಹುದು. ಅಲ್ಲಿ ಬೀಜ ಬಿತ್ತುತ್ತಿರಲಿಲ್ಲ, ಸಸಿ ನೆಡುತ್ತಿರಲಿಲ್ಲ. ಘಟ್ಟದ ಪಶ್ಚಿಮದ ಇಳಿಜಾರಿನಲ್ಲಿ ದಟ್ಟವಾದ ಕಾಡಿನ ನಡುವೆ ತಕ್ಕ ಜಾಗ ಗೊತ್ತುಮಾಡುತ್ತಿದ್ದರು. ಬೇಸಗೆಯ ಮೊದಲಲ್ಲಿ, ಫೆಬ್ರವರಿ ಮಾರ್ಚಿಯ ಸುಮಾರಿಗೆ, ಅಲ್ಲಿಯ ಪೊದೆ ಪೊದರುಗಳನ್ನು ಸವರಿ, ಒಂದು ದೊಡ್ಡ ಮರವನ್ನು ಇಳಿಜಾರಿಗೆ ಬೀಳುವಂತೆ ಕಡಿಯುತ್ತಿದ್ದರು. ಆ ಹೆಮ್ಮರ ಸುತ್ತಲಿನ ಚಿಕ್ಕ ಮರಗಳನ್ನೂ ಮುರಿದುಕೊಂಡು ನೆಲ ನಡುಗುವಂತೆ ಬೀಳುತ್ತಿತ್ತು. ಆಮೇಲೆ ಸುಮ್ಮನೆ ಮನೆಗೆ ಬಂದುಬಿಡುತ್ತಿದ್ದರು. ಮಳೆ ಬಿದ್ದ ಮೇಲೆ ಹೋಗಿ ನೋಡಿದರೆ ಅಲ್ಲೆಲ್ಲ ಏಲಕ್ಕಿಯ ಮೊಳಕೆಗಳು! ಮರ ಬಿದ್ದ ಪೆಟ್ಟಿಗೆ ನೆಲ ಎಚ್ಚೆತ್ತು ಏಲಕ್ಕಿಯನ್ನು ಹೆರುತ್ತದೆ ಎಂದು ಹಳಬರು ನಂಬಿದ್ದರು.

ಇದರ ಗುಟ್ಟು ಏನು? ಕಾಡಿನ ಗಿಡಗಳಿಂದ ಉದುರಿದ ಬೀಜ, ಪ್ರಾಣಿಪಕ್ಷಿಗಳು ಹರಡಿದ ಬೀಜ ಮಣ್ಣಿನಲ್ಲಿ ಇದ್ದೇ ಇರುತ್ತದೆ. ಕತ್ತಲು ಕವಿದ ಕಾಡಿನಲ್ಲಿ ಅದಕ್ಕೆ ಮೇಲೇಳಲು ಅನುಕೂಲವಿಲ್ಲ. ಮರ ಬಿದ್ದಾಗ ಮಣ್ಣು ಸಡಿಲವಾಯಿತು, ಮೇಲಿನಿಂದ ಸ್ವಲ್ಪ ಬೆಳಕು ಬಂತು, ಅದರ ಹಿಂದೆಯೇ ಮಳೆ ಬಂತು. ಬೀಜ ಎದ್ದಿತು. ಗಮನಿಸಿ, ಹಿರಿಯರು ಇಡೀ ಕಾಡನ್ನು ಕಡಿಯಲಿಲ್ಲ. ಒಂದು ಮರ ಕಡಿದು ಒಂದು ಕಿಂಡಿ ತೆರೆದರು, ಅಷ್ಟೇ. ಸುತ್ತಲಿನ ಮರಗಳ ನೆರಳು ಹಾಗೆಯೇ ನಿಂತಿತು. ಏಲಕ್ಕಿಗೆ ಬೇಕಾದದ್ದೂ ಅದೇ: ಪೂರಾ ಕತ್ತಲಲ್ಲ, ಪೂರಾ ಬಿಸಿಲಲ್ಲ, ಎಲೆಗಳ ನಡುವೆ ಸೋಸಿ ಬಂದ ಬೆಳಕು.

ಮೂರು ನಾಲ್ಕು ವರ್ಷಕ್ಕೆ ಗಿಡ ಹೂ ಬಿಡುತ್ತಿತ್ತು. ಆಮೇಲೆ ಕೆಲವು ವರ್ಷ ಫಸಲು. ಗಿಡಗಳು ಸೊರಗತೊಡಗಿದಾಗ ಪಕ್ಕದಲ್ಲಿ ಇನ್ನೊಂದು ಮರ ಬೀಳಿಸುವರು. ಕೊನೆಗೆ ಆ ಜಾಗವನ್ನು ಕಾಡಿಗೇ ಒಪ್ಪಿಸಿ ಬೇರೆ ಜಾಗ ಹುಡುಕುವರು. ಮಳೆಗಾಲ ಹಿಂದಾಗುವ ಹೊತ್ತಿಗೆ ಜನ ಅಕ್ಕಿ, ಉಪ್ಪು, ಮೆಣಸು ಕಟ್ಟಿಕೊಂಡು ಮಲೆ ಹತ್ತಿ, ಅಲ್ಲೇ ಗುಡಿಸಲು ಹಾಕಿಕೊಂಡು ಕಾಯಿ ಕೊಯ್ಯುತ್ತಿದ್ದರು. ಇಂಬಳದ ಕಾಟ, ಚಳಿಜ್ವರದ ಭಯ, ಕಾಡುಪ್ರಾಣಿಗಳ ಭಯ. ಸುಲಭದ ಹಣ ಅದಲ್ಲ. ಕೊಡಗಿನ ಅರಸರ ಆದಾಯಕ್ಕೆ ಏಲಕ್ಕಿ ಒಂದು ಮುಖ್ಯ ಬಾಬು. 1834ರಲ್ಲಿ ಕೊಡಗು ಇಂಗ್ಲಿಷರ ಕೈಸೇರಿದ ಮೇಲೂ ಜಮ್ಮಾ ಮಲೆಗಳು ಒಕ್ಕದ ಆಸ್ತಿಯಾಗಿ ತಲೆಮಾರಿನಿಂದ ತಲೆಮಾರಿಗೆ ಬರುತ್ತಿದ್ದವು.

ಇನ್ನು ಉತ್ತರ ಕನ್ನಡ. ಅಲ್ಲಿ ಏಲಕ್ಕಿ ಕಾಡಿನಿಂದ ಇಳಿದು ಮನೆಯ ಹಿಂದಿನ ತೋಟಕ್ಕೆ ಬಂತು. ಸಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಎರಡು ಗುಡ್ಡಗಳ ನಡುವಿನ ತಗ್ಗಿನಲ್ಲಿ ಅಡಿಕೆ ತೋಟ. ಮೇಲೆ ಅಡಿಕೆಯ ತಲೆಗಳು, ಅಡಿಕೆ ಮರವನ್ನು ತಬ್ಬಿದ ಕಾಳುಮೆಣಸಿನ ಬಳ್ಳಿ, ನಡುವೆ ಬಾಳೆ, ಕಾಲಡಿಯಲ್ಲಿ ಏಲಕ್ಕಿ. ಒಂದೇ ನೆಲದಲ್ಲಿ ನಾಲ್ಕು ಅಂತಸ್ತಿನ ಮನೆ! ಗುಡ್ಡದ ಮೇಲಿನ ಸೊಪ್ಪಿನ ಬೆಟ್ಟದಿಂದ ಹಸಿಸೊಪ್ಪು, ತರಗು ತಂದು ಬುಡಕ್ಕೆ ಹಾಸುವರು. ಫ್ರಾನ್ಸಿಸ್ ಬುಕಾನನ್ ಎಂಬ ಇಂಗ್ಲಿಷರ ವೈದ್ಯ 1801ರಲ್ಲಿ ಸೋಂದೆಯ ಸೀಮೆಯನ್ನು ಹಾದುಹೋದಾಗ ಈ ತೋಟಗಳನ್ನು ಕಣ್ಣಾರೆ ಕಂಡು, ಅಡಿಕೆ, ಮೆಣಸು, ಏಲಕ್ಕಿಗಳ ಬೇಸಾಯವನ್ನು ಬರೆದಿಟ್ಟ. ಅವನ ಪ್ರವಾಸದ ಪುಸ್ತಕ 1807ರಲ್ಲಿ ಅಚ್ಚಾಯಿತು. ಎಂದರೆ ಇನ್ನೂರು ವರ್ಷಗಳಿಗೂ ಹಿಂದೆಯೇ ನಮ್ಮ ತೋಟಿಗರು ಮರದ ನೆರಳನ್ನು ಬೆಳೆಯನ್ನಾಗಿ ಮಾರ್ಪಡಿಸುವ ವಿದ್ಯೆಯಲ್ಲಿ ಪಳಗಿದ್ದರು.

ಬೆಳೆದ ಏಲಕ್ಕಿ ಎಲ್ಲಿಗೆ ಹೋಗುತ್ತಿತ್ತು? ಮಲೆನಾಡಿನ ಮಾಲಿನ ಒಂದು ಪಾಲು ಎತ್ತಿನ ಮೇಲೆ, ಗಾಡಿಯ ಮೇಲೆ ಬಯಲುಸೀಮೆಯ ಹಾವೇರಿಗೆ ಬರುತ್ತಿತ್ತು. ಹಾವೇರಿಯಲ್ಲಿ ಏಲಕ್ಕಿ ಬೆಳೆಯುವುದಿಲ್ಲ. ಆದರೆ ಏಲಕ್ಕಿಯ ಹೆಸರು ಆ ಊರಿಗೆ ಅಂಟಿಕೊಂಡಿತು. ಅಲ್ಲಿಯ ಬಾವಿಯ ನೀರಿನಲ್ಲಿ ಅಂಟುವಾಳದ ಕಾಯಿಯ ನೊರೆ ಎಬ್ಬಿಸಿ, ಕಾಯಿಗಳನ್ನು ತೊಳೆದು ತೊಳೆದು ಬೆಳ್ಳಗೆ ಮಾಡುವ ಕಸುಬು ಬೆಳೆಯಿತು. ಈ ಕೆಲಸದಲ್ಲಿ ಹೆಂಗಸರ ಕೈ ಬಹಳ. ಬಿಳಿ ಏಲಕ್ಕಿಯನ್ನು ಪೋಣಿಸಿ ಹಾರ ಮಾಡುವ ಕುಶಲತೆಯೂ ಅಲ್ಲೇ ಬೇರೂರಿತು. ಇಂದಿಗೂ ದೊಡ್ಡವರನ್ನು ಸನ್ಮಾನಿಸುವಾಗ ಹಾವೇರಿಯ ಏಲಕ್ಕಿ ಹಾರ ಎಂದರೆ ಅದಕ್ಕೊಂದು ಮರ್ಯಾದೆ ಉಂಟು.

ಹೀಗೆ ಕಾಡಿನವ, ತೋಟಿಗ, ಗಾಡಿಯವ, ತೊಳೆಯುವವಳು, ವ್ಯಾಪಾರಿ, ಎಲ್ಲರ ಹೊಟ್ಟೆಗೂ ಏಲಕ್ಕಿ ಅನ್ನ ಹಾಕುತ್ತಿತ್ತು. ಹಾಗಿದ್ದ ಬೆಳೆಗೆ ಕೇಡು ಎಲ್ಲಿಂದ ಬಂತು?

ಬಂಧುಗಳೇ, ಇಲ್ಲಿ ಸ್ವಲ್ಪ ನಿಧಾನವಾಗಿ ಕೇಳಿ; ಕಥೆಯ ತಿರುಳು ಇಲ್ಲಿದೆ.

ಏಲಕ್ಕಿಗೆ ಬೆಲೆ ಬಂತು. ಬೆಲೆ ಬಂದಾಗ ಎಲ್ಲರಿಗೂ ಬೇಗ ಬೇಕು, ಹೆಚ್ಚು ಬೇಕು. ಕಾಡಿನಲ್ಲಿ ತಾನಾಗಿ ಎದ್ದು ಬರುವ ಸಸಿಗೆ ಕಾಯುವ ತಾಳ್ಮೆ ಯಾರಿಗೆ? ಬೀಜ ಬಿತ್ತಿ ಪಾತಿ ಮಾಡಿ ಸಸಿ ಎಬ್ಬಿಸುವುದಕ್ಕೆ ವರ್ಷ ಒಂದೂವರೆ ವರ್ಷ ಬೇಕು. ಅದಕ್ಕಿಂತ ಪಕ್ಕದ ತೋಟದಿಂದ ಗೆಡ್ಡೆ ಒಡೆದು ಎರಡು ದಂಟು ತಂದು ನೆಟ್ಟರೆ ಕೆಲಸ ಬೇಗ ಆಗುತ್ತದೆ, ಕಾಯಿಯೂ ಬೇಗ ಬರುತ್ತದೆ. "ನಿನ್ನ ತೋಟದಿಂದ ನಾಲ್ಕು ಬುಡ ಕೊಡಪ್ಪಾ" ಎಂದು ಕೇಳುವುದು, "ತಗೊಂಡು ಹೋಗಿ ಅಣ್ಣಾ" ಎಂದು ಕೊಡುವುದು. ಹಳ್ಳಿಯ ನಂಟಿನಲ್ಲಿ ಇದು ಒಳ್ಳೆಯ ಮಾತೇ. ಆದರೆ ಆ ಗೆಡ್ಡೆಯ ಜೊತೆಯಲ್ಲಿ ಕಣ್ಣಿಗೆ ಕಾಣದ ಇನ್ನೊಬ್ಬ ಅತಿಥಿಯೂ ಬಂದ. ಅವನೇ ಕಟ್ಟೆ ರೋಗ.

ಕಟ್ಟೆ ರೋಗವನ್ನು ನಿಮ್ಮಲ್ಲಿ ಅನೇಕರು ಕಂಡಿದ್ದೀರಿ. ಎಳೆಯ ಸುಳಿಯ ಎಲೆಯ ಮೇಲೆ ಮೊದಲು ಕದಿರಿನಾಕಾರದ ಸಣ್ಣ ಸಣ್ಣ ತಿಳಿ ಮಚ್ಚೆಗಳು. ಬರಬರುತ್ತ ಅವು ಎಲೆಯ ನಡುನರದಿಂದ ಅಂಚಿಗೆ ಹೋಗುವ ತಿಳಿಹಸುರು, ಕಡುಹಸುರು ಗೆರೆಗಳಾಗುತ್ತವೆ. ಬಳಿಕ ದಂಟಿನ ಮೇಲೂ ಮಚ್ಚೆ. ಗಿಡ ಒಂದೇ ದಿನದಲ್ಲಿ ಸಾಯುವುದಿಲ್ಲ, ಅದೇ ಇದರ ಮೋಸ. ಮೊದಲ ವರ್ಷ ಕಾಯಿ ಸ್ವಲ್ಪ ಕಡಿಮೆ, ಮರುವರ್ಷ ಇನ್ನೂ ಕಡಿಮೆ, ದಂಟು ಗಿಡ್ಡ, ಮೂರು ನಾಲ್ಕು ವರ್ಷದಲ್ಲಿ ಬುಡವೇ ಬರಿದು. ಎಳೆಯ ಗಿಡಕ್ಕೇ ತಗುಲಿದರೆ ಹೆಚ್ಚುಕಡಿಮೆ ಪೂರ್ತಿ ನಷ್ಟ. "ಈ ವರ್ಷ ಮಳೆ ಸರಿಯಾಗಲಿಲ್ಲ", "ಗೊಬ್ಬರ ಸಾಲದು" ಎಂದು ರೈತ ತನಗೆ ತಾನೇ ಸಮಾಧಾನ ಹೇಳಿಕೊಳ್ಳುತ್ತಿರುವಾಗಲೇ ರೋಗ ಬುಡದಿಂದ ಬುಡಕ್ಕೆ ನಡೆಯುತ್ತಿರುತ್ತದೆ.

ಇದು ಯಾವ ಪಾಪದ ಫಲ ಎಂದು ಜನ ತಲೆ ಕೆರೆದುಕೊಳ್ಳುತ್ತಿದ್ದರು. 1945ರಲ್ಲಿ ಉಪ್ಪಲ್, ವರ್ಮಾ, ಕಪೂರ್ ಎಂಬ ಮೂವರು ವಿಜ್ಞಾನಿಗಳು ಇದರ ಮೂಲವನ್ನು ಬಿಡಿಸಿ ಹೇಳಿದರು. ಇದು ವೈರಸ್ಸಿನಿಂದ ಬರುವ ರೋಗ; ವೈರಸ್ ಎಂದರೆ ಸಾಮಾನ್ಯ ಸೂಕ್ಷ್ಮದರ್ಶಕಕ್ಕೂ ಸಿಕ್ಕದಷ್ಟು ಸಣ್ಣ ರೋಗಕಣ. ಅದನ್ನು ಗಿಡದಿಂದ ಗಿಡಕ್ಕೆ ಒಯ್ಯುವುದು ಬಾಳೆಯ ಹೇನು ಎಂಬ ಕಪ್ಪು ಮಿಶ್ರಿತ ಕಂದು ಬಣ್ಣದ ಪುಟ್ಟ ಹುಳು. ಒಣಗಿ ಸಡಿಲವಾದ ಎಲೆಯ ಒರೆಗಳೊಳಗೆ ಅದು ಸಂಸಾರ ಹೂಡುತ್ತದೆ.

ಮುಂದಿನ ಸಂಶೋಧನೆಗಳಿಂದ ಇನ್ನೆರಡು ಮಾತು ತಿಳಿದವು. ಇವನ್ನು ಗಂಟುಹಾಕಿಕೊಳ್ಳಿ. ಒಂದು: ಈ ರೋಗ ಬೀಜದಿಂದ ಬರುವುದಿಲ್ಲ, ರೋಗದ ಗಿಡದ ಗೆಡ್ಡೆಯಿಂದ ಬರುತ್ತದೆ. ಎರಡು: ಹೇನು ರೋಗವನ್ನು ತೋಟದೊಳಗೆ, ಹತ್ತಿರ ಹತ್ತಿರ ಹಬ್ಬಿಸುತ್ತದೆ, ಊರಿನಿಂದ ಊರಿಗೆ, ಘಟ್ಟದಿಂದ ಘಟ್ಟಕ್ಕೆ ಒಯ್ಯುವವನು ಗೆಡ್ಡೆ ಹೊತ್ತ ಮನುಷ್ಯ.

ಈಗ ಕೊಡಗಿನ ಹಳೆಯ ಮಲೆಯನ್ನು ನೆನಪಿಗೆ ತಂದುಕೊಳ್ಳಿ. ಅಲ್ಲಿ ಗಿಡ ಬೀಜದಿಂದಲೇ ಏಳುತ್ತಿತ್ತು. ಒಂದು ಮಲೆಗೂ ಇನ್ನೊಂದಕ್ಕೂ ನಡುವೆ ದಟ್ಟವಾದ ಕಾಡಿರುತ್ತಿತ್ತು. ಕೆಲವು ವರ್ಷವಾದ ಮೇಲೆ ಜಾಗಕ್ಕೆ ವಿಶ್ರಾಂತಿ ಸಿಕ್ಕುತ್ತಿತ್ತು. ವೈರಸ್ಸಿನ ಹೆಸರನ್ನೂ ಕೇಳದ ಆ ಹಿರಿಯರ ಪದ್ಧತಿಯಲ್ಲೇ ರೋಗಕ್ಕೆ ಮೂರು ಬೇಲಿಗಳಿದ್ದವು. ನಾವು ಒಂದೊಂದಾಗಿ ಮೂರನ್ನೂ ಕಿತ್ತೆವು. ಹಾಗೆಂದು ಹಳೆಯದೆಲ್ಲ ಚಿನ್ನ ಎನ್ನುತ್ತಿಲ್ಲ. ಇಂದು ಮರ ಬೀಳಿಸಿ ಮಲೆ ಮಾಡಲು ಕಾಡೂ ಇಲ್ಲ, ಕಾನೂನೂ ಒಪ್ಪುವುದಿಲ್ಲ, ಒಪ್ಪಲೂಬಾರದು. ಪದ್ಧತಿ ಹೋದರೂ ಅದರ ಬುದ್ಧಿಯನ್ನು ಉಳಿಸಿಕೊಳ್ಳಬೇಕಿತ್ತು, ಅಷ್ಟೇ ನನ್ನ ಮಾತು.

ಎರಡನೆಯ ಕೇಡು ನೆರಳಿಗೆ ತಗುಲಿತು. ಏಲಕ್ಕಿಯ ಬೇರು ಆಳಕ್ಕೆ ಹೋಗುವುದಿಲ್ಲ. ಮೇಲಿನ ಒಂದಡಿ ಮಣ್ಣಿನಲ್ಲೇ ಹರಡಿರುತ್ತದೆ. ಆ ಮಣ್ಣನ್ನು ತಂಪಾಗಿಡುವುದು ಮೇಲಿನ ಮರ, ಕೆಳಗಿನ ತರಗು. ರೋಗದಿಂದ ಫಸಲು ಇಳಿದ ತೋಟದಲ್ಲಿ ರೈತನ ಕಣ್ಣು ಮರದ ಮೇಲೆ ಬೀಳುತ್ತದೆ. ನಾಟಾ ವ್ಯಾಪಾರಿ ಬಂದು ಹಲಸಿಗೆ ಇಷ್ಟು, ಗಂಧಗರಿಗೆಗೆ ಇಷ್ಟು ಎಂದು ಬೆಲೆ ಕಟ್ಟುತ್ತಾನೆ. ಮನೆಯಲ್ಲಿ ಮಗಳ ಮದುವೆ, ಸೊಸೈಟಿಯ ಸಾಲ. ಮರ ಹೋಗುತ್ತದೆ. ಮರುವರ್ಷದ ಏಪ್ರಿಲ್ಲಿನಲ್ಲಿ ಬಿಸಿಲು ನೇರವಾಗಿ ನೆಲಕ್ಕೆ ಬೀಳುತ್ತದೆ. ಹೂಗೊನೆ ಹೊರಡುವ ಕಾಲಕ್ಕೆ ಸರಿಯಾಗಿ ಎಲೆ ಸುಡುತ್ತದೆ, ಮಣ್ಣು ಬಿರಿಯುತ್ತದೆ. 1983ರ ಬೇಸಗೆಯ ಬರದಲ್ಲಿ ದಕ್ಷಿಣದ ಏಲಕ್ಕಿ ಸೀಮೆಗಳಿಗೆ ದೊಡ್ಡ ಪೆಟ್ಟು ಬಿತ್ತು. ನೀರೂ ಇಲ್ಲ, ನೆರಳೂ ತೆಳು ಎಂಬಲ್ಲಿ ಈ ಗಿಡ ತಡೆಯಲಾರದು. ಹೀಗೆ ಸೋತ ತೋಟಗಳಲ್ಲಿ ಅನೇಕ ಕಡೆ ಕಾಫಿ ಬಂದು ಕೂತಿತು. ಕಾಫಿ ಬಂದದ್ದು ತಪ್ಪೆಂದಲ್ಲ. ಏಲಕ್ಕಿಯನ್ನು ನಾವು ಸೋತು ಬಿಟ್ಟೆವು ಎಂಬುದು ನಿಜ.

ನಾವು ಸೋಲುತ್ತಿದ್ದಾಗ ಬೇರೆಯವರು ಗೆದ್ದರು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಒಬ್ಬ ಜರ್ಮನ್ ಕಾಫಿ ಬೆಳೆಗಾರ ಏಲಕ್ಕಿಯನ್ನು ಸಮುದ್ರದಾಚೆಯ ಮಧ್ಯ ಅಮೆರಿಕದ ಗ್ವಾಟೆಮಾಲ ದೇಶಕ್ಕೆ ಒಯ್ದ. ಅಲ್ಲಿಯ ಕೋಬಾನ್ ಎಂಬ ಊರಿನ ಸುತ್ತಿನ ಗುಡ್ಡಗಾಡು ನಮ್ಮ ಮಲೆನಾಡಿನ ಹಾಗೆಯೇ ಮಳೆ, ಮಂಜು, ಮರಗಳ ಸೀಮೆ. ಅಲ್ಲಿಯ ಜನ ಏಲಕ್ಕಿ ತಿನ್ನುವವರಲ್ಲ, ಎಲ್ಲವೂ ಮಾರಾಟಕ್ಕೆ. ಅರಬ್ಬೀ ದೇಶಗಳಲ್ಲಿ ಕಾಫಿಗೆ ಏಲಕ್ಕಿ ಹಾಕಿ ಕುಡಿಯುವುದು ಅತಿಥಿಸತ್ಕಾರದ ರೂಢಿ. ಆ ದೊಡ್ಡ ಸಂತೆಯಲ್ಲಿ 1980ರ ದಶಕದ ಹೊತ್ತಿಗೆ ಗ್ವಾಟೆಮಾಲ ನಮ್ಮನ್ನು ಹಿಂದೆ ಹಾಕಿತು. ತವರಿನ ಮಗಳು ಪರದೇಶದಲ್ಲಿ ಬಾಳಿ ತವರಿಗೇ ಪೈಪೋಟಿ ಕೊಟ್ಟ ಹಾಗಾಯಿತು.

ನಮ್ಮ ಸರ್ಕಾರವೂ ಸುಮ್ಮನೆ ಕುಳಿತಿರಲಿಲ್ಲ. 1965ರಲ್ಲಿ ಏಲಕ್ಕಿ ಕಾಯಿದೆ ಬಂತು. 1966ರಲ್ಲಿ ಏಲಕ್ಕಿ ಮಂಡಳಿ ಹುಟ್ಟಿತು. 1987ರಲ್ಲಿ ಅದು ಸಂಬಾರ ಪದಾರ್ಥಗಳ ಮಂಡಳಿಯಲ್ಲಿ ಸೇರಿತು. ಮೂಡಿಗೆರೆಯ ಸಂಶೋಧನಾ ಕೇಂದ್ರದಿಂದ ಮೂಡಿಗೆರೆ-1, ಮೂಡಿಗೆರೆ-2 ಎಂಬ ತಳಿಗಳು ಬಂದವು. ಮಡಿಕೇರಿಯ ಹತ್ತಿರದ ಅಪ್ಪಂಗಳದ ಕೇಂದ್ರದಿಂದ ಕಟ್ಟೆ ರೋಗವನ್ನು ತಡೆಯಬಲ್ಲ 'ವಿಜೇತ', ಗೆಡ್ಡೆ ಕೊಳೆಯುವ ರೋಗವನ್ನು ತಾಳಬಲ್ಲ 'ಅವಿನಾಶ್' ಎಂಬ ತಳಿಗಳು ಬಂದವು. ಕೇರಳದ ಇಡುಕ್ಕಿಯಲ್ಲಿ ಒಬ್ಬ ರೈತನೇ ತನ್ನ ತೋಟದಲ್ಲಿ ಆರಿಸಿ ಬೆಳೆಸಿದ ಞಲ್ಲಾಣಿ ತಳಿ ಅಲ್ಲಿಯ ಗುಡ್ಡಗಳನ್ನೆಲ್ಲ ಆವರಿಸಿತು. ಕಣ್ಣಿಟ್ಟು ನೋಡುವ ರೈತನೂ ವಿಜ್ಞಾನಿಯೇ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ತಳಿಯ ಮಾತು ಬಂದಾಗ ಒಂದು ತಮಾಷೆ ಹೇಳಬೇಕು. ಏಲಕ್ಕಿಯಲ್ಲಿ 'ಮಲಬಾರ್', 'ಮೈಸೂರು', 'ವಳುಕ್ಕ' ಎಂದು ಮೂರು ಜಾತಿ. ಹೂಗೊನೆ ನೆಲದ ಮೇಲೆ ಹರಿದರೆ ಮಲಬಾರ್, ನೆಟ್ಟಗೆ ನಿಂತರೆ ಮೈಸೂರು, ಎರಡರ ನಡುವೆ ಬಾಗಿದ್ದರೆ ವಳುಕ್ಕ. ಹೆಸರು ಕೇಳಿ ಮೈಸೂರು ಜಾತಿಯೇ ನಮ್ಮದು ಅಂದುಕೊಂಡೀರಿ! ಅದು ಕೇರಳ, ತಮಿಳುನಾಡುಗಳ ಎತ್ತರದ ಗುಡ್ಡಗಳಲ್ಲಿ ಚೆನ್ನಾಗಿ ಬರುವ ಜಾತಿ. ನಮ್ಮ ಕೊಡಗು, ಹಾಸನ, ಚಿಕ್ಕಮಗಳೂರು, ಉತ್ತರ ಕನ್ನಡಗಳಿಗೆ ಹೊಂದಿದ್ದು ಮಲಬಾರ್ ಜಾತಿ. ಒಣಹವೆಯನ್ನು ಅದು ಸ್ವಲ್ಪ ಹೆಚ್ಚು ತಾಳಿಕೊಳ್ಳುತ್ತದೆ. ಆದ್ದರಿಂದ ಹೆಸರಿಗೆ ಮರುಳಾಗಿ ದೂರದ ತಳಿಯನ್ನು ತರಬೇಡಿ.

ಈಗ ಈ ಕಥೆಯಿಂದ ನಮ್ಮ ತೋಟಕ್ಕೆ ಏನು ಸಿಕ್ಕಿತು, ಲೆಕ್ಕ ಹಾಕೋಣ.

ಮೊದಲನೆಯದು ನೆರಳು. ಬೆಳಕಿನ ಅರ್ಧದಷ್ಟನ್ನು ತಡೆದು ಅರ್ಧದಷ್ಟನ್ನು ಕೆಳಗೆ ಬಿಡುವ ನೆರಳು ಏಲಕ್ಕಿಗೆ ಹಿತ. ಕಗ್ಗತ್ತಲಾದರೆ ಗಿಡ ಉದ್ದಕ್ಕೆ ಬೆಳೆದು ಕಾಯಿ ಕಡಿಮೆ ಬಿಡುತ್ತದೆ, ತೆಳುವಾದರೆ ಸುಡುತ್ತದೆ. ಚಿಕ್ಕ ಎಲೆಯ, ಚೆನ್ನಾಗಿ ಕೊಂಬೆ ಹರಡುವ, ಬೇಸಗೆಯಲ್ಲಿ ಬೋಳಾಗದ ಮರಗಳು ಒಳ್ಳೆಯವು. ಒಂದೇ ಜಾತಿಯ ಮರಕ್ಕಿಂತ ಗಂಧಗರಿಗೆ, ಹಲಸು, ಅತ್ತಿ, ಹೆಬ್ಬಲಸು ಹೀಗೆ ಬೆರಕೆಯಾಗಿದ್ದರೆ ಮೇಲು. ಹೆಚ್ಚಾದ ಕೊಂಬೆಯನ್ನು ಮುಂಗಾರಿಗೆ ಮುಂಚೆ, ಮೇ ತಿಂಗಳಿನಲ್ಲಿ ಸವರಿ. ಕೊಂಬೆ ಸವರುವುದು ಬೇರೆ, ಮರ ಕಡಿಯುವುದು ಬೇರೆ. ಮುದಿಮರ ಬೀಳುವ ಮುಂಚೆಯೇ ಅದರ ಪಕ್ಕದಲ್ಲಿ ಎಳೆಮರ ಎದ್ದಿರಲಿ.

ಎರಡನೆಯದು ಸಸಿ. ಪಕ್ಕದ ತೋಟದ ಗೆಡ್ಡೆಯನ್ನು ನಂಟಸ್ತಿಕೆಗಾಗಿ ತರಬೇಡಿ. ರೋಗವಿಲ್ಲದ್ದೆಂದು ನಂಬಿಕೆಯುಳ್ಳ ಕಡೆಯಿಂದ ಮಾತ್ರ ತನ್ನಿ, ಇಲ್ಲವೇ ಬೀಜದಿಂದ ಸಸಿ ಎಬ್ಬಿಸಿ. ಚೆನ್ನಾಗಿ ಫಲ ಬಿಡುವ ಆರೋಗ್ಯದ ಗಿಡದಿಂದ ಹಣ್ಣಾದ ಕಾಯಿ ಆರಿಸಿ, ಬೀಜದ ಲೋಳೆ ತೊಳೆದು, ಒಲೆಯ ಬೂದಿ ಬೆರೆಸಿ ನೆರಳಲ್ಲಿ ಆರಿಸಿ, ತಡಮಾಡದೆ ಬಿತ್ತಿ. ಹಳೆಯ ಬೀಜ ಹುಟ್ಟುವುದಿಲ್ಲ. ಸಸಿಯ ಪಾತಿ ರೋಗ ಬಂದ ತೋಟದಿಂದ ದೂರವಿರಲಿ. ಹಳೆಯ ತೋಟದಲ್ಲಿ ತಾನಾಗಿ ಎದ್ದ ಸಸಿಗಳನ್ನು ಕಿತ್ತು ನೆಡುವ ಆಸೆಯೂ ಬೇಡ. ಬೀಜದಿಂದ ಹುಟ್ಟಿದ್ದೇ ಆದರೂ ರೋಗದ ತಾಯಿಗಿಡದ ಬುಡದಲ್ಲಿ ಬೆಳೆದದ್ದರಿಂದ ಹೇನು ಅದನ್ನು ಎಂದೋ ಮುಟ್ಟಿರುತ್ತದೆ. ಜೂನ್ ಜುಲೈ ಮಳೆಯಲ್ಲಿ ನೆಡುವಾಗ ಆಳಕ್ಕೆ ಹೂಳಬೇಡಿ. ಆಳವಾದರೆ ಗೆಡ್ಡೆ ಕೊಳೆಯುತ್ತದೆ.

ಮೂರನೆಯದು ಕಣ್ಣು. ತಿಂಗಳಿಗೊಮ್ಮೆಯಾದರೂ ತೋಟದಲ್ಲಿ ಸುತ್ತಾಡಿ ಸುಳಿಯ ಎಲೆಯನ್ನು ಬೆಳಕಿಗೆ ಹಿಡಿದು ನೋಡಿ. ಗೆರೆ ಕಂಡಿತೋ, "ಇನ್ನೊಂದು ಕೊಯ್ಲು ಆಗಲಿ" ಅನ್ನಬೇಡಿ. ಬುಡಸಮೇತ ಅಗೆದು ತೋಟದಿಂದಾಚೆ ಒಯ್ದು ನಾಶಮಾಡಿ. ಇಂಥ ಒಂದು ಬುಡಕ್ಕೆ ಮರುಗಿದವನು ಮುಂದೆ ನೂರು ಬುಡಕ್ಕೆ ಅಳಬೇಕಾಗುತ್ತದೆ. ಒಣಗಿದ ಒರೆಗಳನ್ನು ಬಿಡಿಸಿ ತೆಗೆಯಿರಿ, ಹೇನಿಗೆ ಮನೆ ತಪ್ಪುತ್ತದೆ. ತಾಯಂದಿರೇ, ತೋಟದ ಅಂಚಿನಲ್ಲಿ ಪತ್ರೊಡೆಗೆಂದು ಕೆಸು ಬೆಳೆಸಿರುತ್ತೀರಿ. ಈ ಹೇನು ಕೆಸುವಿನ ಮೇಲೂ ಬಾಳುತ್ತದೆ. ಕೆಸುವನ್ನು ಏಲಕ್ಕಿಯಿಂದ ದೂರ, ಮನೆಯ ಬಚ್ಚಲ ನೀರಿನ ಕಡೆಗೆ ಒಯ್ಯಿರಿ.

ನಾಲ್ಕನೆಯದು ಜೇನು. ಏಲಕ್ಕಿ ಹೂವಿನ ರಚನೆಯೇ ಹಾಗಿದೆ, ಜೇನಿಲ್ಲದೆ ಪರಾಗ ಸರಿಯಾದ ಜಾಗಕ್ಕೆ ಸೇರದು. ಆದ್ದರಿಂದ ಹೂ ಬಿಡುವ ತಿಂಗಳುಗಳಲ್ಲಿ, ಅದರಲ್ಲೂ ಬೆಳಗಿನ ಹೊತ್ತು, ಔಷಧಿ ಸಿಂಪಡಿಸಬೇಡಿ. ತೋಟದಲ್ಲಿ ಎರಡು ಜೇನುಪೆಟ್ಟಿಗೆ ಇಟ್ಟರೆ ಕಾಯಿಯೂ ಉಂಟು, ತುಪ್ಪವೂ ಉಂಟು.

ಕೊಯ್ಲಿನ ಮಾತು ಒಂದೇ. ಕಾಯಿ ಬಲಿತು, ಒಳಗಿನ ಬೀಜ ಕಪ್ಪಾಗಿದ್ದಾಗ ಕೊಯ್ಯಿರಿ. ಕಳ್ಳರ ಭಯಕ್ಕೋ ಕೈಸಾಲಕ್ಕೋ ಎಳೆಯದನ್ನು ಕಿತ್ತರೆ ಒಣಗಿದಾಗ ಸುಕ್ಕುಗಟ್ಟಿ ಬೆಲೆ ಬಿದ್ದುಹೋಗುತ್ತದೆ. ಐದು ಸೇರು ಹಸಿ ಕಾಯಿ ಒಣಗಿದರೆ ಸುಮಾರು ಒಂದು ಸೇರು. ಅದರಲ್ಲೂ ತೂಕ ತಪ್ಪಿದರೆ ರೈತನಿಗೆ ಉಳಿಯುವುದೇನು?

ಬಂಧುಗಳೇ, ಇಂದು ಏಲಕ್ಕಿಯ ಬೆಳೆಯಲ್ಲಿ ಇಡುಕ್ಕಿಯೇ ಮುಂದು. ನಮ್ಮ ಮಲೆನಾಡು ಬಹಳ ಹಿಂದೆ. ಹೋದದ್ದೆಲ್ಲ ಮರಳಿ ಬರುತ್ತದೆ ಎಂದು ನಾನು ಆಸೆ ತೋರಿಸುವುದಿಲ್ಲ. ಬೆಲೆ ಏರುತ್ತದೆ, ಇಳಿಯುತ್ತದೆ. ಏಲಕ್ಕಿಯೊಂದನ್ನೇ ನಂಬಿ ಸಂಸಾರ ಹೂಡಿ ಎಂದೂ ಹೇಳುವುದಿಲ್ಲ. ಆದರೆ ನಿಮ್ಮ ಅಡಿಕೆ ತೋಟದ ತಗ್ಗಿನಲ್ಲಿ, ಕಾಫಿ ಕಣಿವೆಯ ತಂಪಾದ ಮೂಲೆಯಲ್ಲಿ, ಬೇರೇನೂ ಬಾರದ ನೆರಳಿನ ತುಂಡುನೆಲವೊಂದು ಇದ್ದರೆ ಅದನ್ನು ದಂಡ ಎನ್ನಬೇಡಿ. ನಿಮ್ಮ ಮನೆಯ ಹಿರಿಯರನ್ನು ಕೇಳಿ. ಅಲ್ಲಿ ಹಿಂದೆ ಏಲಕ್ಕಿ ಇತ್ತೋ ಏನೋ. ಇದ್ದರೆ ಯಾಕೆ ಹೋಯಿತು ಎಂದೂ ಕೇಳಿ. ಅವರು ಹೇಳುವ ಮಾತಿನಲ್ಲಿ ಇವತ್ತಿನ ಕಥೆಯೇ ಕೇಳಿಸೀತು.

ನಾಟಾ ವ್ಯಾಪಾರಿ ಮತ್ತೆ ಬಾಗಿಲಿಗೆ ಬಂದು ಮರಕ್ಕೆ ಬೆಲೆ ಕಟ್ಟಿದಾಗ, ಆ ಮರದ ಕೆಳಗೆ ಒಮ್ಮೆ ಹೋಗಿ ನಿಂತು ನೋಡಿ. ಅವನು ಕಟ್ಟುವುದು ಮರದ ಬೆಲೆ. ನೆರಳಿನ ಬೆಲೆಯನ್ನು ಕಟ್ಟಬೇಕಾದವರು ನೀವು.